ಪರ್ಸೋನಾ 4 ಡಿಸೆಂಬರ್‌ನಲ್ಲೇ ಮುಗಿದುಹೋಯಿತು, ಯಾಕೆ?

ಪ್ರಶ್ನೆ: ಪರ್ಸೋನಾ 4 ಗೋಲ್ಡನ್ (ಪರ್ಸೋನಾ 4 ವಿಡಿಯೋ ಗೇಮ್‌ನ ವಿಸ್ತೃತ ಆವೃತ್ತಿ) ಆಡುತ್ತಿದ್ದೆ. ಆಸ್ಪತ್ರೆಯ ದೃಶ್ಯವಾದ ಮೇಲೆ ನೇರ ಮಾರ್ಚ್‌ಗೆ ಹಾರಿ ಆಟವೇ ಮುಗಿಯಿತು. ಅನಿಮೆಯಲ್ಲಿ ಕತೆ ಇನ್ನೂ ಬಹಳ ಇದೆಯಲ್ಲ, ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮಗೆ ಸಿಕ್ಕಿದ್ದು ಕೆಟ್ಟ ಅಂತ್ಯ. (ಡಿಸೆಂಬರ್ ತಲುಪದವರು ಮುಂದೆ ಓದಬೇಡಿ, ಕತೆ ಬಯಲಾಗುತ್ತದೆ.)

ಈ ಆಟದಲ್ಲಿ ಗಡುವಿನೊಳಗೆ ಯಾರನ್ನಾದರೂ ಕಾಪಾಡಲು ಆಗದಿದ್ದರೆ ಒಂದು ವಾರ ಹಿಂದಕ್ಕೆ ಹೋಗುವ ಅವಕಾಶ ಸಿಗುತ್ತದೆ. ಅದರ ರೂಢಿಯಲ್ಲಿ ಬಂದವರು ಡಿಸೆಂಬರ್ 3ರಂದು ಎಡವುತ್ತಾರೆ. ಅಲ್ಲಿ ತಪ್ಪಿದರೆ ಎಚ್ಚರಿಕೆಯಿಲ್ಲ, ಹಿಂದಿರುಗುವ ದಾರಿಯೂ ಇಲ್ಲ. ನಾಯಕನ ಸೋದರಮಾವನ ಪುಟ್ಟ ಮಗಳು ನಾನಾಕೋ ಬದುಕುವುದಿಲ್ಲ, ಊರಿನ ಮಂಜು ಸರಿಯುವುದಿಲ್ಲ, ನಾಯಕ ರೈಲು ಹತ್ತುತ್ತಾನೆ. ಆಟ ಸಹಜವಾಗಿಯೇ ಮುಗಿಯಿತು ಅನ್ನಿಸುವಂತೆ ಕಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಗೆಳೆಯರೆಲ್ಲ ಸಿಟ್ಟಿಗೆದ್ದು, ನಾನಾಕೋಳನ್ನು ಅಪಹರಿಸಿದ್ದ ನಮಾತಾಮೆಯನ್ನು ಟಿವಿಯೊಳಗೆ (ಸಿಕ್ಕಿಕೊಂಡವರು ಸಾಯುವ ಇನ್ನೊಂದು ಲೋಕಕ್ಕೆ) ತಳ್ಳಲು ಹೊರಟಾಗ ನೀವು ತಡೆಯಬೇಕು, ಅದೂ ಪ್ರತಿ ಮಾತಿನಲ್ಲೂ. ಆಯ್ಕೆಗಳ ಭಾವ ಅನುಕ್ರಮವಾಗಿ ಹೀಗಿರಲಿ: ಸ್ವಲ್ಪ ತಾಳಿ, ನಾವು ಏನನ್ನೋ ಗಮನಿಸಿಲ್ಲ, ನಮಾತಾಮೆಯ ನಿಜವಾದ ಮನಸ್ಸು, ನನಗೇನೋ ಕಾಡುತ್ತಿದೆ, ನಾವು ಏನನ್ನೋ ಗಮನಿಸಿಲ್ಲ, ಕೊನೆಗೆ, ಸಮಾಧಾನ ಮಾಡಿಕೊಳ್ಳಿ ಎಂದು ಗದರುವುದು. ಐದು ಸರಿಯಾಗಿ ಒಂದು ತಪ್ಪಿದರೂ ದಾರಿ ಕೈತಪ್ಪಬಹುದು.

ಇಷ್ಟಕ್ಕೇ ಗೆದ್ದಂತಲ್ಲ. ಎರಡು ದಿನದ ನಂತರ ಊರಿನ ಕೊಲೆಗಳ ನಿಜವಾದ ಅಪರಾಧಿ ಯಾರೆಂದು ನೀವೇ ಹೆಸರಿಸಬೇಕು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಗಂಟೆ ಆಡಿದ ಮೇಲೆ ಅದೊಂದನ್ನು ನೀವೇ ಊಹಿಸದಿದ್ದರೆ ಆಟದ ಸಾರವೇ ಹೋಗುತ್ತದೆ. ತಪ್ಪು ಹೆಸರುಗಳನ್ನೇ ಹೇಳುತ್ತಾ ಹೋದರೆ ಮತ್ತೆ ಕೆಟ್ಟ ಅಂತ್ಯ. ಗೋಲ್ಡನ್ ಆವೃತ್ತಿಯಲ್ಲಂತೂ ಅಪರಾಧಿ ಯಾರೆಂದು ಗೊತ್ತಾದ ಮೇಲೂ ಅವನನ್ನು ರಕ್ಷಿಸಿ ಮುಚ್ಚಿಹಾಕುವ ಕರಾಳ ಅಂತ್ಯವೊಂದನ್ನು ಸೇರಿಸಿದ್ದಾರೆ.

ಹಾಗಾಗಿ ನವೆಂಬರ್ ಕೊನೆಯ ಸೇವ್ ಒಂದನ್ನು ಬೇರೆ ಸ್ಲಾಟ್‌ನಲ್ಲಿಡಿ. ಎಲ್ಲವನ್ನೂ ಒಂದೇ ಸ್ಲಾಟ್‌ಗೆ ಬರೆಯುತ್ತಾ ಬಂದವರಿಗೆ ಹೊಸದಾಗಿ ಆಡುವುದೊಂದೇ ದಾರಿಯಾಗಬಹುದು.

ಗೋಲ್ಡನ್ ಆಡುವವರಿಗೆ ಇನ್ನೊಂದು ಗಡುವಿದೆ: ಮೇರಿ ಎಂಬ ಹುಡುಗಿಯ ಸೋಶಿಯಲ್ ಲಿಂಕ್ (ಪಾತ್ರದೊಂದಿಗಿನ ಸ್ನೇಹದ ಮಟ್ಟ), ಆಟದಲ್ಲಿ ಅದರ ಹೆಸರು ಏಯಾನ್. ಅದನ್ನು ಡಿಸೆಂಬರ್ 20ರೊಳಗೆ ಹತ್ತನೇ ರ್‍ಯಾಂಕ್‌ಗೆ ಮುಟ್ಟಿಸಿಕೊಂಡರೆ ನಿಶ್ಚಿಂತೆ. ಇಲ್ಲದಿದ್ದರೆ ಫೆಬ್ರವರಿಯ ಹೆಚ್ಚುವರಿ ಡಂಜನ್ (ಶತ್ರುಗಳೊಡನೆ ಕಾದಾಡುವ ತಾಣ) ತೆರೆಯುವುದೇ ಇಲ್ಲ.

ಕೊನೆಯ ಬಲೆ ಮಾರ್ಚ್ 20ರದು. ಊರೆಲ್ಲ ಸುತ್ತಿ ಬೀಳ್ಕೊಡುಗೆ ಹೇಳಿದ ಮೇಲೆ ಮನೆಗೆ ಹೋಗುವುದೇ ಎಂದು ಆಟ ಕೇಳುತ್ತದೆ. ಹೌದು ಅಂದರೆ ಒಳ್ಳೆಯ ಅಂತ್ಯ ಸಿಗುತ್ತದೆ, ನಿಜವಾದ ಅಂತ್ಯ ಸಿಗುವುದಿಲ್ಲ. ಬೇಡ ಅನ್ನಿ, ಊರಿನ ದೊಡ್ಡ ಅಂಗಡಿ ಜ್ಯೂನ್ಸ್‌ನ ಫುಡ್ ಕೋರ್ಟ್‌ಗೆ ಹೋಗಿ. ಮಂಜಿನ ಮೂಲ ಬಯಲಾಗುವುದು ಅದಾದ ಮೇಲೆಯೇ.

ಇನ್ನು ಅನಿಮೆ. ಸೈಜಿ ಕಿಶಿ ನಿರ್ದೇಶನದ ಈ ಸರಣಿ 2011ರ ಅಕ್ಟೋಬರ್‌ನಿಂದ 2012ರ ಮಾರ್ಚ್‌ವರೆಗೆ ಜಪಾನಿನ ಟಿವಿಯಲ್ಲಿ ಬಂತು. ಕತೆ ನಡೆಯುವುದೂ 2011ರ ಏಪ್ರಿಲ್‌ನಿಂದ 2012ರ ಮಾರ್ಚ್‌ವರೆಗೆ, ಲೆಕ್ಕ ಚೆನ್ನಾಗಿ ಕೂಡಿದೆ. ಅಲ್ಲಿ ನಾಯಕ ಯೂ ನರುಕಾಮಿ ಸರಿಯಾದ ಆಯ್ಕೆಗಳನ್ನೇ ಮಾಡುವುದರಿಂದ ನಿಮಗೆ ಈ ಕವಲು ಕಾಣಿಸಲಿಲ್ಲ. ಆದರೂ ತಮಾಷೆ ನೋಡಿ: ಟಿವಿಯಲ್ಲಿ ಬಂದ 25 ಕಂತುಗಳು ಒಳ್ಳೆಯ ಅಂತ್ಯಕ್ಕೇ ನಿಲ್ಲುತ್ತವೆ. ನಿಜವಾದ ಅಂತ್ಯವಿರುವ 26ನೆಯ ಕಂತು ಆಮೇಲೆ ಡಿಸ್ಕ್‌ನಲ್ಲಿ ಬಂತು. ಅದನ್ನು ಬಿಟ್ಟು ನೋಡಿದವರು, ಮಾರ್ಚ್ 20ರಂದು ಮನೆಗೆ ಹೋದ ಆಟಗಾರರಿದ್ದಲ್ಲೇ ಇರುತ್ತಾರೆ.

2014ರ ಗೋಲ್ಡನ್ ಅನಿಮೇಶನ್ ಇದಕ್ಕೆ ಬದಲಿಯಲ್ಲ. 12 ಕಂತುಗಳ ಅದು ಮೇರಿಯ ಸುತ್ತಲೇ ಸುತ್ತುತ್ತದೆ, ಕೊಲೆಗಳ ಮುಖ್ಯ ಕತೆ ಗೊತ್ತಿದೆ ಎಂದೇ ಭಾವಿಸಿ ಸಾಗುತ್ತದೆ. ಮೊದಲ ಸರಣಿಯ 26 ಕಂತು ಮುಗಿಸಿದ ಮೇಲೆ ನೋಡಿ.