ಕೃಷಿ ಹೊಂಡದ ಏರಿಯ ಮೇಲೆ ಏನು ಬಿತ್ತಬೇಕು?

ಮೇ ತಿಂಗಳ ಕೊನೆಯಲ್ಲಿ ಹಿರಿಯೂರು ಕಡೆಯ ರೈತರೊಬ್ಬರು ಹೊಸದಾಗಿ ತೋಡಿಸಿದ ಕೃಷಿ ಹೊಂಡವನ್ನು ನೋಡಲು ನನ್ನನ್ನು ಕರೆಸಿಕೊಂಡಿದ್ದರು. ಅವರ ಕೈಯಲ್ಲಿ ಬಿಳಿ ಕ್ಲೋವರ್ ಬೀಜದ ಪೊಟ್ಟಣವಿತ್ತು. ಹೊರದೇಶದ ತೋಟವೊಂದರಲ್ಲಿ ಕೊಳದ ಸುತ್ತ ಕ್ಲೋವರ್ ಹಾಸಿಕೊಂಡು, ಅದರ ಹೂವಿಗೆ ಜೇನ್ನೊಣಗಳು ಮುತ್ತಿರುವುದನ್ನು ವಿಡಿಯೊದಲ್ಲಿ ನೋಡಿ ಅವರು ಅದನ್ನು ತರಿಸಿದ್ದರು. ಏರಿಯ ಮಣ್ಣು ಕೊಚ್ಚಿ ಹೋಗಬಾರದು, ಹಕ್ಕಿ ಮತ್ತು ಜೇನಿಗೂ ಆಸರೆ ಸಿಗಬೇಕು ಎಂಬುದು ಅವರ ಆಸೆ. ಮಣ್ಣು ಮತ್ತು ನೀರು ಸಂರಕ್ಷಣೆಯ ಕೆಲಸದಲ್ಲಿ ವರ್ಷಗಳನ್ನು ಕಳೆದ ನನಗೆ ಈ ಎರಡನ್ನೂ ಒಟ್ಟಿಗೆ ಬಯಸುವ ರೈತರು ಸಿಕ್ಕುವುದು ಅಪರೂಪ; ಆದ್ದರಿಂದ ಬೀಜ ಬೇಡವೆಂದು ಹೇಳಿ ಸುಮ್ಮನೆ ಹಿಂದಿರುಗಲು ಮನಸ್ಸಾಗಲಿಲ್ಲ.

ಬಿಳಿ ಕ್ಲೋವರ್ ತಂಪು ಸೀಮೆಯ ಗಿಡ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಗೆಣ್ಣುಗಳಲ್ಲಿ ಬೇರು ಬಿಡುತ್ತದೆ, ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಇಂಗ್ಲೆಂಡಿನಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ನೆಲೆಸಿರುವ ಕನ್ನಡಿಗರು ತಮ್ಮ ಮನೆಯ ಕೊಳದ ದಂಡೆಗೆ ಅದನ್ನು ಧಾರಾಳವಾಗಿ ಬಿತ್ತಬಹುದು. ನಮ್ಮ ನೆರೆಯ ನೀಲಗಿರಿ ಬೆಟ್ಟಗಳ ಹುಲ್ಲಿನಲ್ಲೂ ಅದು ಕಾಣಸಿಗುತ್ತದೆ. ಆದರೆ ಅದರ ಬೇರಿನ ಬಹುಪಾಲು ಮೇಲ್ಮಣ್ಣಿನಲ್ಲೇ ಇರುವುದರಿಂದ ಚಿತ್ರದುರ್ಗದ ಏಪ್ರಿಲ್ ಬಿಸಿಲನ್ನು ಅದು ತಾಳಲಾರದು. ಉತ್ತರ ಭಾರತದಲ್ಲಿ ಮೇವಿಗಾಗಿ ಬೆಳೆಯುವ ಬರ್ಸೀಮ್ ಕೂಡ ಕ್ಲೋವರ್ ಕುಲದ್ದೇ. ಅದು ನೀರಾವರಿಯ ಚಳಿಗಾಲದ ಬೆಳೆಯಾಗಿದ್ದು, ಸೆಕೆ ಏರುತ್ತಿದ್ದಂತೆ ಮುಗಿದುಹೋಗುತ್ತದೆ. ಏರಿಯ ಮೇಲೆ ಬೇಸಿಗೆಯಲ್ಲಿ ಸತ್ತುಹೋಗುವ ಹೊದಿಕೆಯಿಂದ ನಮಗೆ ಪ್ರಯೋಜನವಿಲ್ಲ, ಏಕೆಂದರೆ ಏರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಬೇಸಿಗೆ ಮುಗಿಯುವ ಹೊತ್ತಿನ ಮೊದಲ ಮಳೆಗಳಲ್ಲಿ.

ಆ ಪೆಟ್ಟು ಎಂಥದೆಂದು ಹತ್ತಿರದಿಂದ ನೋಡಬೇಕು. ಹದಿನೈದು ಮೀಟರ್ ಉದ್ದಗಲ, ಮೂರು ಮೀಟರ್ ಆಳ, 1:1 ಇಳಿಜಾರಿನ (ಅಡ್ಡಕ್ಕೆ ಒಂದು ಮೀಟರ್ ಸರಿದರೆ ಆಳಕ್ಕೆ ಒಂದು ಮೀಟರ್ ಇಳಿಯುವ) ಹೊಂಡ ತೋಡಿದರೆ ಸುಮಾರು 440 ಘನ ಮೀಟರ್ ಮಣ್ಣು ಹೊರಬರುತ್ತದೆ. ಟ್ರೈಲರಿಗೆ 3 ಘನ ಮೀಟರಿನಂತೆ ಎಣಿಸಿದರೂ ಅದು 145 ಲೋಡಿಗಿಂತ ಹೆಚ್ಚು. ಈ ಮಣ್ಣನ್ನು ಜೆಸಿಬಿ ಸುತ್ತಲೂ ಗುಡ್ಡೆ ಹಾಕಿ ಹೋಗುತ್ತದೆ. ಹೊಲದ ಫಲವತ್ತಾದ ಮೇಲ್ಮಣ್ಣು ಗುಡ್ಡೆಯ ಅಡಿಗೆ ಸೇರಿ, ಜೀವವಿಲ್ಲದ ಆಳದ ಗರಸು ಮಣ್ಣು ಮೇಲೆ ಕೂರುತ್ತದೆ. ಮೊದಲ ಬಿರುಮಳೆಯ ಹನಿಗಳು ಈ ಸಡಿಲ ಮಣ್ಣನ್ನು ಕುಟ್ಟಿ ಪುಡಿ ಮಾಡುತ್ತವೆ, ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದೆ ಬೆರಳಗಲದ ಕೊರಕಲುಗಳಲ್ಲಿ ಇಳಿಯುತ್ತದೆ, ಎರಡನೆಯ ಮಳೆಗೆ ಆ ಕೊರಕಲುಗಳಲ್ಲಿ ಅಂಗೈ ಹಿಡಿಸುತ್ತದೆ. ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಬಿರುಕುಗಳೇ ನೀರಿಗೆ ದಾರಿಯಾಗುವುದರಿಂದ ಅಲ್ಲಿ ಇಳಿಜಾರನ್ನು 1.5:1ಕ್ಕಿಂತ ಕಡಿದಾಗಿ ಬಿಡಲೇಬಾರದು. ಹೀಗೆ ಇಳಿದ ಮಣ್ಣು ಹೂಳಾಗಿ ಸೇರುವುದು ನಾವು ಹಣ ಕೊಟ್ಟು ತೋಡಿಸಿದ ಅದೇ ಹೊಂಡಕ್ಕೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಹೊಂಡಗಳು ಬಹಳವಾಗಿವೆ. ಅವುಗಳ ಏರಿಗಳಲ್ಲಿ ಹೆಚ್ಚಿನವು ಮಾತ್ರ ಪಾರ್ಥೇನಿಯಂ ಹೊದ್ದು ನಿಂತಿವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಏರಿಯನ್ನು ಕಾಯುವ ಕೆಲಸದಲ್ಲಿ ಎರಡು ಭಾಗಗಳಿವೆ. ಹನಿಯ ಪೆಟ್ಟನ್ನು ತಡೆಯಲು ನೆಲ ಮುಚ್ಚುವ ಎಲೆ ಬೇಕು. ಮಣ್ಣನ್ನು ಹಿಡಿದಿಡಲು ದಟ್ಟವಾದ ಎಳೆಬೇರು ಬೇಕು. ತನ್ನ ಸ್ವಂತ ಸೀಮೆಯಲ್ಲಿಯೂ ಕ್ಲೋವರ್ ಮೊದಲನೆಯದನ್ನು ಮಾತ್ರ ಚೆನ್ನಾಗಿ ಮಾಡುತ್ತದೆ, ಆದ್ದರಿಂದಲೇ ಅಲ್ಲಿನವರು ಅದನ್ನು ಹುಲ್ಲಿನ ಜೊತೆ ಬೆರೆಸಿ ಬಿತ್ತುತ್ತಾರೆ. ನಮ್ಮಲ್ಲಿ ಎಲೆಯ ಕೆಲಸಕ್ಕೆ ಸ್ಟೈಲೊ, ಬೇರಿನ ಕೆಲಸಕ್ಕೆ ಗರಿಕೆ ಮತ್ತು ಲಾವಂಚ ಎಂದು ನಾನು ಹೇಳುತ್ತೇನೆ. ಸ್ಟೈಲೊಸಾಂಥಸ್ ಹಮಾಟ ಎಂಬ ಜಾತಿ ಬರವನ್ನು ತಾಳುವ, ಸಣ್ಣ ಹಳದಿ ಹೂವಿನ ದ್ವಿದಳ ಮೇವು. ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯಂಥ ಕಡೆ ಇಂಥ ಮೇವುಗಳ ಮಾಹಿತಿ ಸಿಗುತ್ತದೆ. ಇನ್ನು ಲಾವಂಚದ ಬಗ್ಗೆ ನಮಗೆ ಹೊರಗಿನವರು ಕಲಿಸಬೇಕಾದ್ದೇನೂ ಇರಲಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿಗೆ ಮದ್ದೆಂದು ಅದನ್ನು ಸಾರುವುದಕ್ಕೆ ಎಷ್ಟೋ ಮೊದಲೇ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗಳಲ್ಲಿ ಅದನ್ನು ನೆಟ್ಟು ಉಳಿಸಿಕೊಂಡಿದ್ದರು. ಅದರ ಬೇರು ಪಕ್ಕಕ್ಕೆ ಹಬ್ಬದೆ ನೇರವಾಗಿ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್ ಮುಟ್ಟುತ್ತದೆ.

ಕೆಲಸದ ಕ್ರಮದಲ್ಲಿ ಸಮಯವೇ ಮುಖ್ಯ. ಹೊಂಡ ತೋಡುವಾಗಲೇ ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ರಾಶಿ ಹಾಕಿಸಿ, ಏರಿ ಮಟ್ಟವಾದ ಮೇಲೆ ಅದನ್ನೇ ಹೊದಿಸಬೇಕು. ಜೆಸಿಬಿ ಹೊಲದಲ್ಲಿ ಇರುವಾಗ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಅದು ಹೋದ ಮೇಲೆ ಯಾರಿಂದಲೂ ಆಗುವುದಿಲ್ಲ. ಹೊಂಡದ ಅಂಚಿಗೂ ಏರಿಯ ಬುಡಕ್ಕೂ ನಡುವೆ ಕನಿಷ್ಠ ಒಂದು ಮೀಟರ್ ಮಟ್ಟಸ ನೆಲ ಬಿಡಬೇಕು. ಸ್ಟೈಲೊ ಬೀಜದ ಸಿಪ್ಪೆ ಗಟ್ಟಿ; 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ಬಸಿದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಮಟ್ಟಸ ಹೊಲಕ್ಕೆ ಚದರ ಮೀಟರಿಗೆ ಒಂದು ಗ್ರಾಂ ಸಾಕಾದರೂ ಇಳಿಜಾರಿನಲ್ಲಿ ನಾನು ಒಂದೂವರೆ ಗ್ರಾಂ ಹಾಕಿಸುತ್ತೇನೆ. ಅದು ನಿಧಾನವಾಗಿ ಏಳುವ ಗಿಡವಾದ್ದರಿಂದ ಮೊದಲ ಎರಡು ತಿಂಗಳ ರಕ್ಷಣೆಗೆ ಅಲಸಂದೆಯನ್ನು ಜೊತೆಗೆ ಚೆಲ್ಲಬೇಕು. ಮುಂಗಾರು ತಡವಾದರೆ ಹುರುಳಿಯೂ ಆದೀತು. ಗರಿಕೆಯ ತುಂಡುಗಳನ್ನು ಇಳಿಜಾರಿನ ಹೊರಮೈಯಲ್ಲಿ ಒಂದಡಿ ಅಂತರದಲ್ಲಿ ಊರಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಗರಿಕೆ ಹೊಲಕ್ಕೆ ದಾಟದಂತೆ ಏರಿಯ ಹೊರಬುಡದಲ್ಲಿ ಲಾವಂಚದ ಸಾಲು ಇರಲಿ, ಬುಡಗಳ ನಡುವೆ ಗೇಣಿಗಿಂತ ಕಡಿಮೆ ಅಂತರವಿರಲಿ. ಹೆಚ್ಚುವರಿ ನೀರು ಹರಿಯುವ ಕೋಡಿಯಲ್ಲಿ ಬಿಡಿ ತುಂಡು ನಿಲ್ಲುವುದಿಲ್ಲ, ಅಲ್ಲಿಗೆ ಗರಿಕೆಯ ಹೆಪ್ಪನ್ನೇ ಮಣ್ಣುಸಹಿತ ಕಿತ್ತು ಹಾಸಬೇಕು. ಏರಿಯ ಒಳಮುಖಕ್ಕೆ ಗೊಬ್ಬರ ಹಾಕಬಾರದು. ಅದು ನೀರಿಗಿಳಿದು ಪಾಚಿಯಾಗುತ್ತದೆ. ಸುಬಾಬುಲ್, ನೀಲಗಿರಿಯಂಥ ಮರಗಳನ್ನು ಏರಿಯ ಮೇಲೆ ನೆಡಲೇಬೇಡಿ, ಅವುಗಳ ದಪ್ಪ ಬೇರು ಸತ್ತ ಮೇಲೆ ಉಳಿಯುವ ಪೊಳ್ಳು ನೀರಿಗೆ ಕೊಳವೆಯಾಗುತ್ತದೆ.

ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಇನ್ನೊಂದು ಎಚ್ಚರ ಬೇಕು. ಮಟ್ಟಸ ನೆಲದಲ್ಲಿ ತುಂಗೆ ಗಡ್ಡೆ, ಕೆಲವೆಡೆ ಜೇಕು ಎನ್ನುವ ಕಳೆ, ಇದ್ದರೆ ಹಾಳೆ ಹಾಸುವ ಮೊದಲೇ ಗಡ್ಡೆಸಹಿತ ಆರಿಸಿ ತೆಗೆಯಬೇಕು, ಏಕೆಂದರೆ ಅದರ ಸೂಜಿಯಂಥ ಮೊಳಕೆ ಪ್ಲಾಸ್ಟಿಕ್ಕನ್ನು ತೂರಿ ಬರುತ್ತದೆ. ಗರಿಕೆಯ ಕುಡಿಯನ್ನೂ ಹಾಳೆಯ ಅಂಚಿನತ್ತ ಬಿಡಬಾರದು.

ಜೀವಿಗಳ ಮಾತಿಗೆ ಬಂದರೆ, ಹಾಳೆ ಹೊದಿಸಿದ ಹೊಂಡ ನೀರು ಕುಡಿಯಲು ಬಂದ ಪ್ರಾಣಿಗೆ ಸಾವಿನ ಬಾವಿಯಾಗಬಲ್ಲದು. ನುಣುಪಾದ ಇಳಿಜಾರಿನಲ್ಲಿ ಉಗುರು ಊರಲಾಗದೆ ಅಳಿಲು, ಮುಂಗುಸಿ, ನವಿಲಿನ ಮರಿ ಮುಳುಗುತ್ತವೆ; ಮಕ್ಕಳು ಮುಳುಗಿದ ಸುದ್ದಿಯನ್ನೂ ನಾವು ಓದಿದ್ದೇವೆ. ಸುತ್ತ ತಂತಿಬೇಲಿ ಹಾಕುವುದರ ಜೊತೆಗೆ ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನೂ, ಎರಡು ಮೂಲೆಗಳಲ್ಲಿ ತೆಂಗಿನ ನಾರಿನ ಚಾಪೆಯ ಪಟ್ಟಿಯನ್ನೂ ಏರಿಯ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಬೇಕು. ಹೊಂಡದಿಂದ ಮೊದಲ ಸಲ ಹೊರಬರುವ ಮರಿಗಪ್ಪೆಗಳು ಆ ಚಾಪೆಯ ಮೇಲೆ ಸಾಲಾಗಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಒಂದೊಂದೂ ಹುಣಸೆ ಬೀಜಕ್ಕಿಂತ ದೊಡ್ಡದಿರಲಿಲ್ಲ.

ಏರಿಯನ್ನು ಪೂರ್ತಿ ಹಸಿರು ಮಾಡಬೇಕೆಂಬ ಹಟವೂ ಬೇಡ. ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಬರಿನೆಲದ ಕಲ್ಲುಹರಳಿನ ನಡುವೆ. ಹೊರಗಿನ ಮಟ್ಟಸ ಮೂಲೆಯೊಂದರಲ್ಲಿ ಹತ್ತು ಹೆಜ್ಜೆಯಷ್ಟು ಗರಸು ನೆಲವನ್ನು ಹಾಗೆಯೇ ಬಿಟ್ಟರೆ ಅದಕ್ಕೆ ಸಾಕು. ಏರಿಗೆ ದೊಡ್ಡ ಶತ್ರು ಇಲಿ, ಅದರ ಬಿಲದಿಂದಲೇ ಸೋರಿಕೆ ಶುರುವಾಗುವುದು. ಇಲಿಯನ್ನು ಹಿಡಿಯುವ ಕೇರೆ ಹಾವು ಲಾವಂಚದ ಬುಡದಲ್ಲಿ ಕಂಡರೆ ಅದನ್ನು ಹೊಡೆಯಬೇಡಿ ಎಂದು ನಾನು ಪ್ರತಿಯೊಬ್ಬ ರೈತರಲ್ಲೂ ಕೈಮುಗಿದು ಕೇಳುತ್ತೇನೆ. ಗೂಬೆ ಕೂರಲು ಇಂಗ್ಲಿಷ್ ‘ಟಿ’ ಆಕಾರದ ಒಂದೆರಡು ಗೂಟ ನೆಟ್ಟರೆ ರಾತ್ರಿಯ ಕಾವಲೂ ಆದೀತು.

ಹಿರಿಯೂರಿನ ಆ ಏರಿಗೆ ನಾವು ಸ್ಟೈಲೊ, ಅಲಸಂದೆ ಬಿತ್ತಿದೆವು, ಗರಿಕೆ ಊರಿದೆವು. ತಂದ ಕ್ಲೋವರನ್ನೂ ಅವರು ಮನೆಯ ಬಚ್ಚಲು ನೀರು ಹರಿಯುವ ನೆರಳಿನಲ್ಲಿ ಚೆಲ್ಲಿದರು, ಅದು ಚಳಿಗಾಲದವರೆಗೆ ಹಸಿರಾಗಿತ್ತು. ಏರಿಯಲ್ಲಿ ಮೂರು ಕಡೆ ಕೊರಕಲು ಬಿತ್ತು. ಮಳೆ ನಿಂತ ಮರುದಿನ ಬೆಳಿಗ್ಗೆಯೇ ಅವರು ಅವುಗಳಿಗೆ ಗರಿಕೆಯ ಹೆಪ್ಪು ತುಳಿದು ಕೂರಿಸಿದರು. ಮೊದಲ ವರ್ಷ ದನ, ಕುರಿ ಬಿಡಲಿಲ್ಲ. ಎರಡನೆಯ ಶ್ರಾವಣದಲ್ಲಿ ನಾನು ಹೋದಾಗ ಸ್ಟೈಲೊ ಮೊಣಕಾಲುದ್ದ ಬೆಳೆದು, ಹೂವಿನ ಮೇಲೆ ಕೋಲುಜೇನು ಆಡುತ್ತಿತ್ತು. ಅವರು ಒಂದು ಬದಿಯ ಮೇವನ್ನು ಕೊಯ್ದು, ಇನ್ನೊಂದು ಬದಿಯನ್ನು ಬೀಜಕ್ಕೆ ಬಿಟ್ಟಿದ್ದರು.