ತಾಯಿಯ ಸಾವಿಗೆ ‘ತಡವಾಗಿ ಕರೆತಂದರು’ ಎಂಬ ಕಾರಣ ಸಾಕೇ?

ಪ್ರಶ್ನೆ: ಹೆರಿಗೆಯಲ್ಲಿ ತಾಯಿ ತೀರಿಕೊಂಡಾಗ ‘ಕರೆತರುವುದು ತಡವಾಯಿತು’ ಎನ್ನುತ್ತಾರೆ. ತಡ ಎಂದರೆ ಎಷ್ಟು ಹೊತ್ತು? ತಪ್ಪು ಮನೆಯವರದೇ?

ಉತ್ತರ: ಎಷ್ಟು ಹೊತ್ತು ಎಂಬುದನ್ನು ತೊಂದರೆಯೇ ಹೇಳುತ್ತದೆ. ಸೋಂಕು ಏರಿದಾಗ, ಮಗು ಹೊರಬರಲಾಗದೆ ಸಿಕ್ಕಿಕೊಂಡಾಗ ಸಾಮಾನ್ಯವಾಗಿ ಕೆಲವು ದಿನಗಳ ಅವಕಾಶವಿರುತ್ತದೆ. ಹೆರಿಗೆಯ ನಂತರ ತೀವ್ರ ರಕ್ತಸ್ರಾವವಾದರೆ, ಚಿಕಿತ್ಸೆ ಸಿಗದಿದ್ದಲ್ಲಿ ಸುಮಾರು 2 ಗಂಟೆಯಲ್ಲೇ ಜೀವ ಹೋಗಬಹುದು. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದೊಡನೆ ಗರ್ಭಕೋಶ ಬಿಗಿದು ಆ ರಕ್ತನಾಳಗಳನ್ನು ಮುಚ್ಚಬೇಕು. ಅದು ಮೆತ್ತಗೇ ಉಳಿದರೆ ರಕ್ತ ನಿಲ್ಲುವುದಿಲ್ಲ.

ತಪ್ಪು ಯಾರದು ಎಂಬುದಕ್ಕೆ ಸಂಶೋಧಕರಾದ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮಂಡಿಸಿದ ವಿಶ್ಲೇಷಣೆ ಇಂದಿಗೂ ದಾರಿ ತೋರಿಸುತ್ತದೆ. ಅವರು ತಡವನ್ನು ಮೂರಾಗಿ ಬಿಡಿಸಿದರು: ಆಸ್ಪತ್ರೆಗೆ ಹೋಗೋಣವೆಂದು ನಿರ್ಧರಿಸುವಲ್ಲಿ ಆಗುವ ತಡ, ದಾರಿಯಲ್ಲಿ ಆಗುವ ತಡ, ಆಸ್ಪತ್ರೆಯೊಳಗೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವ ತಡ. ಜನ ಬೆರಳು ತೋರಿಸುವುದು ಮೊದಲನೆಯದರ ಕಡೆಗೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಶ್ನಿಸಬೇಕಾದದ್ದು ಮೂರನೆಯದನ್ನು.

ಬಾಗಿಲು ದಾಟಿದ ಮಾತ್ರಕ್ಕೆ ಚಿಕಿತ್ಸೆ ಶುರುವಾಗುವುದಿಲ್ಲವಲ್ಲ. ರಕ್ತ ದಾಸ್ತಾನಿಲ್ಲ, ಅರಿವಳಿಕೆ ತಜ್ಞರು ಇಲ್ಲ, ‘ಇಲ್ಲಿ ಆಗದು, ದೊಡ್ಡಾಸ್ಪತ್ರೆಗೆ ಒಯ್ಯಿರಿ’ ಎಂಬ ಚೀಟಿ. ಅಲ್ಲಿಗೆ ಎರಡನೆಯ ತಡ ಮತ್ತೆ ಆರಂಭ. ಇದಕ್ಕಿಂತ ಕಣ್ಣಿಗೆ ಕಾಣದ ತಡವೂ ಇದೆ: ರಕ್ತ ಎಷ್ಟು ಹೋಗಿದೆ ಎಂದು ಕಣ್ಣಂದಾಜಿನಲ್ಲಿ ಅಳೆಯುವುದು. ಆಫ್ರಿಕಾದ 4 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ, ಹಳೆಯ ಕ್ರಮ ಪಾಲಿಸಿದ ಕಡೆ ಇಂಥ ರಕ್ತಸ್ರಾವದ ಸುಮಾರು ಅರ್ಧದಷ್ಟು ಪ್ರಕರಣಗಳು ಗುರುತಿಗೇ ಬಂದಿರಲಿಲ್ಲ. ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಸಂಗ್ರಹಿಸಿ, ಗರ್ಭಕೋಶ ನೀವುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಔಷಧ ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿ ನಿಲ್ಲಲು ನೆರವಾಗುವ ಔಷಧ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ ಕಡೆ ಶೇ 93ರಷ್ಟು ಪತ್ತೆಯಾದವು. ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು ಶೇ 60ರಷ್ಟು ತಗ್ಗಿದವು. ಟ್ರಾನೆಕ್ಸಾಮಿಕ್ ಆಮ್ಲವನ್ನಂತೂ ಹೆರಿಗೆಯಾದ 3 ಗಂಟೆಯೊಳಗೇ ಕೊಡಬೇಕು.

ಮೂರನೆಯ ತಡವೇ ಮೊದಲನೆಯದನ್ನು ಹುಟ್ಟಿಸುತ್ತದೆ ಎಂಬುದನ್ನೂ ಮರೆಯಬಾರದು. ಹೋದವರನ್ನು ಗದರಿಸಿ ಕೂರಿಸಿದ, ಕೈಚೆಲ್ಲಿ ವಾಪಸು ಕಳಿಸಿದ ಸುದ್ದಿ ಮನೆಮನೆಗೂ ಮುಟ್ಟುತ್ತದೆ. ಮುಂದಿನ ಗರ್ಭಿಣಿಯ ಮನೆಯವರು ‘ಇನ್ನೂ ಸ್ವಲ್ಪ ನೋಡೋಣ’ ಎನ್ನುವುದು ಅಜ್ಞಾನದಿಂದಲ್ಲ, ಆ ಅನುಭವದಿಂದ. ಜೊತೆಗೆ, ಖರ್ಚಿಗೆ ಒಪ್ಪಿಗೆ ಕೊಡಬೇಕಾದವರು ನೋವು ತಿನ್ನುತ್ತಿರುವವಳೇ ಅಲ್ಲ, ಬೇರೆಯವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ದಿನಕ್ಕೆ 700ಕ್ಕೂ ಹೆಚ್ಚು ಮಹಿಳೆಯರು ಗರ್ಭ ಮತ್ತು ಹೆರಿಗೆಯ ಕಾರಣಗಳಿಂದ ಸತ್ತರು. ಇವುಗಳಲ್ಲಿ ಬಹುಪಾಲು ತಪ್ಪಿಸಬಹುದಾದ ಸಾವುಗಳು.

ಮನೆಯವರು ಮಾಡಬಹುದಾದದ್ದೂ ಇದೆ. ಯಾವ ಆಸ್ಪತ್ರೆ, ಯಾವ ವಾಹನ ಎಂಬುದು ದಿನ ತುಂಬುವ ಮೊದಲೇ ಗೊತ್ತಿರಲಿ. ಅಲ್ಲಿ ರಾತ್ರಿಯೂ ಸಿಸೇರಿಯನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ. ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಉಸಿರಾಟದ ತೊಂದರೆ, ಗರ್ಭಿಣಿಗೆ ರಕ್ತ ಹೋಗುವುದು, ಬಾಣಂತಿಗೆ ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಹೊರಡಿ. ಹೆರಿಗೆಯಾಗಿ 6 ವಾರ ಕಳೆಯುವವರೆಗೂ ಈ ಎಚ್ಚರ ಇರಬೇಕು.