ತಂಗಳು ಬ್ರೆಡ್ಡು, ಖಡಕ್ ಚೂರು

ಮೊನ್ನೆ ಮಗಳು ಟೊಮೆಟೊ ಸೂಪು ಬೇಕು ಅಂದಳು. ಬರೀ ಸೂಪಲ್ಲ, ಹೋಟೆಲಿನಲ್ಲಿ ಮೇಲೆ ಹಾಕಿ ಕೊಡುತ್ತಾರಲ್ಲ, ಆ ಕರುಂ ಕುರುಂ ಅನ್ನುವ ಬ್ರೆಡ್ ಚೂರೂ ಬೇಕಂತೆ. ಕ್ರೂಟಾನ್ ಅಂತಾರೆ ಅದಕ್ಕೆ, ಫ್ರೆಂಚ್ ಮಾತು. ಫ್ರಿಜ್ಜಿನಲ್ಲಿ ನಾಲ್ಕು ದಿನದ ಬ್ರೆಡ್ ಉಳಿದಿತ್ತು. ಮುಟ್ಟಿದರೆ ಗಟ್ಟಿಯಾಗಿತ್ತು. ಗಟ್ಟಿಯಾಗಿದೆ, ಅಂದರೆ ಒಣಗಿದೆ ಅಂದುಕೊಂಡು ಚೌಕ ಚೌಕ ಕತ್ತರಿಸಿ ಹಾಗೇ ಸೂಪಿಗೆ ಹಾಕಿದೆ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಎಲ್ಲಾ ಮುದ್ದೆಯಾಗಿತ್ತು.

ಪಕ್ಕದಲ್ಲೇ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಉಳಿದ ಒಂದು ಚೂರನ್ನು ಎತ್ತಿ ಎರಡು ಬೆರಳಲ್ಲಿ ಒತ್ತಿ ನೋಡಿದಳು. "ಇದು ತಂಗಳಾಗ್ಯದ ಅಷ್ಟೇ. ಖಡಕ್ ಎಲ್ಲಿ ಆಗ್ಯದ?" ಅಂದಳು.

ಕಲಬುರಗಿಯ ಮನೆಗಳಲ್ಲಿ ಈ ಎರಡು ಮಾತು ದಿನಾ ಕಿವಿಗೆ ಬೀಳುತ್ತವೆ. ರಾತ್ರಿಯ ಮೆತ್ತನೆ ರೊಟ್ಟಿ ಬೆಳಗ್ಗೆ ಬಿರುಸಾಗಿದ್ದರೆ ಅದು ತಂಗಳು. ಮುರಿಯಲು ಹೋದರೆ ಮೊದಲು ಬಾಗುತ್ತದೆ, ಆಮೇಲೆ ಹರಿಯುತ್ತದೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿ ವಾರಗಟ್ಟಲೆ ಇಡುವ ರೊಟ್ಟಿ ಖಡಕ್. ಅದು ಬಾಗುವುದೇ ಇಲ್ಲ, ಟಪ್ಪಂತ ಮುರಿಯುತ್ತದೆ. ಸ್ವಲ್ಪ ಒಣಗಿದರೆ ತಂಗಳು, ಪೂರ್ತಿ ಒಣಗಿದರೆ ಖಡಕ್ ಅಂತ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ. ಅದು ತಪ್ಪು. ಇವೆರಡೂ ಬೇರೆ ಬೇರೆ ಸಂಗತಿಗಳು.

1852ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಜ್ಯಾಂ ಬ್ಯಾಪ್ಟಿಸ್ಟ್ ಬೂಸಂಗೋ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ನೀರಿನ ಪಸೆ ಹೊರಗೆ ಹೋಗದ ಹಾಗೆ ಬ್ರೆಡ್ಡನ್ನು ಭದ್ರವಾಗಿ ಮುಚ್ಚಿಟ್ಟರು. ಆದರೂ ಅದು ತಂಗಳಾಯಿತು. ತಂಗಳಾದದ್ದನ್ನು ಬಿಸಿ ಮಾಡಿದರೆ ಮತ್ತೆ ಮೆತ್ತಗಾಯಿತು. ನೀರು ಕಳೆದುಕೊಂಡಿದ್ದರಿಂದಲೇ ಗಟ್ಟಿಯಾಗಿದ್ದರೆ, ಬರೀ ಬಿಸಿ ಮಾಡಿದರೆ ಹೇಗೆ ಮೆತ್ತಗಾದೀತು? ಒಳಗೆ ಬೇರೇನೋ ನಡೆಯುತ್ತಿದೆ ಅಂತಾಯಿತು.

ಆ ಬೇರೇನೋ ನಡೆಯುವುದು ಪಿಷ್ಟದಲ್ಲಿ. ಹಿಟ್ಟಿನಲ್ಲಿ ಪಿಷ್ಟ ಸಣ್ಣ ಸಣ್ಣ ಕಾಳಿನ ಹಾಗೆ ಬಿಗಿಯಾಗಿ ಕೂತಿರುತ್ತದೆ. ನೀರು ಸೇರಿ 60-70 ಡಿಗ್ರಿ ಬಿಸಿ ತಾಗಿದಾಗ ಕಾಳು ಉಬ್ಬಿ ಸಡಿಲಾಗುತ್ತದೆ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಯುವುದು ಅಂದರೆ ಇದೇ. ಬಿಸಿ ಬ್ರೆಡ್ಡಿನ ಮೆತ್ತನೆ ಗುಣ ಈ ಸಡಿಲತನದಿಂದ ಬರುತ್ತದೆ. ಆರುತ್ತಾ ಬಂದ ಹಾಗೆ ಪಿಷ್ಟದ ಎಳೆಗಳು ಮತ್ತೆ ಒಂದರ ಪಕ್ಕ ಒಂದು ಸಾಲಾಗಿ ಕೂರಲು ಶುರುಮಾಡುತ್ತವೆ. ಪಿಷ್ಟದಲ್ಲಿ ಎರಡು ಬಗೆ. ನೇರ ಎಳೆಯ ಅಮೈಲೋಸ್ ಕೆಲವೇ ಗಂಟೆಗಳಲ್ಲಿ ಜೋಡಿಸಿಕೊಳ್ಳುತ್ತದೆ. ಟೊಂಗೆ ಟೊಂಗೆಯಾಗಿರುವ ಅಮೈಲೋಪೆಕ್ಟಿನ್ ನಿಧಾನ, ದಿನಗಳೇ ಬೇಕು. ನಾಲ್ಕನೇ ದಿನದ ಬ್ರೆಡ್ ಎರಡನೇ ದಿನದ್ದಕ್ಕಿಂತ ಗಟ್ಟಿ ಇರುವುದು ಈ ನಿಧಾನದ ಕೆಲಸದಿಂದ. ನೀರು ಎಲ್ಲೂ ಹೋಗಿರುವುದಿಲ್ಲ, ಬಹುಪಾಲು ಅಲ್ಲೇ ಸಾಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಈ ಹೊಸ ಜೋಡಣೆ 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕೇ ತಂಗಳು ಬ್ರೆಡ್ಡು ಹಂಚಿನ ಮೇಲೆ ಎರಡು ನಿಮಿಷ ಇಟ್ಟರೆ ತಾಜಾ ಅನ್ನಿಸುತ್ತದೆ. ನಿನ್ನೆಯ ಉದುರುದುರು ಅನ್ನ ಹಬೆಯಲ್ಲಿ ಬಿಸಿ ಮಾಡಿದಾಗ ಮೆತ್ತಗಾಗುವುದೂ ಹೀಗೇ.

ಇನ್ನು ಫ್ರಿಜ್ಜು. ಪಿಷ್ಟ ಅತಿ ಬೇಗ ಸಾಲುಗಟ್ಟುವುದು ಸುಮಾರು 4 ಡಿಗ್ರಿ ಚಳಿಯಲ್ಲಿ. ಫ್ರಿಜ್ಜಿನ ಒಳಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬ್ರೆಡ್ ಕೆಡದಿರಲಿ ಅಂತ ನಾವು ಇಟ್ಟರೆ, ಬೂಸ್ಟು ತಡವಾಗುತ್ತದೆ ನಿಜ, ಆದರೆ ತಂಗಳಾಗುವುದು ಇನ್ನೂ ಜೋರಾಗುತ್ತದೆ. ಮೆತ್ತಗೇ ಉಳಿಯಬೇಕಾದರೆ ಮೇಲಿನ ಫ್ರೀಜರಿನಲ್ಲಿಡಬೇಕು. ಅಲ್ಲಿ ಎಳೆಗಳು ಕದಲುವುದಕ್ಕೇ ಆಗುವುದಿಲ್ಲ.

ಆದರೆ ಚೂರು ಮಾಡುವವರಿಗೆ ತಂಗಳು ಬ್ರೆಡ್ಡೇ ಚೆಂದ. ಒಮ್ಮೆ ತಾಜಾ ಬ್ರೆಡ್ಡಿನ ಮೇಲೆ ಚಾಕು ಇಟ್ಟು ನೋಡಿ. ಕತ್ತರಿಸುವ ಮೊದಲೇ ಅದು ಅಮುಕಿ ಹೋಗುತ್ತದೆ, ಒಳಗಿನ ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹುರಿದರೆ ಆ ಜಾಗ ಕಲ್ಲಿನ ಹಾಗಾಗುತ್ತದೆ. ತಂಗಳು ಬ್ರೆಡ್ಡಿನ ಗೂಡುಗಳ ಗೋಡೆ ಬಿಗಿಯಾಗಿರುತ್ತದೆ. ಚಾಕು ಸರಕ್ಕಂತ ಇಳಿಯುತ್ತದೆ, ಮೂಲೆ ಚೂಪಾಗಿ ಉಳಿಯುತ್ತದೆ, ತೂತುಗಳು ತೆರೆದೇ ಇರುತ್ತವೆ. ಕರುಂ ಅನ್ನುವ ಸದ್ದು ಹುಟ್ಟುವುದು ಆ ತೆಳು ಗೋಡೆಗಳು ಹಲ್ಲಿನ ಕೆಳಗೆ ಒಂದರ ಹಿಂದೆ ಒಂದು ಮುರಿದಾಗ.

ಮುರಿಯಬೇಕಾದರೆ ಮಾತ್ರ ನೀರು ಹೋಗಲೇಬೇಕು. ಮರುದಿನ ತಕ್ಕಡಿ ಇಟ್ಟುಕೊಂಡು ಕೂತೆ. 100 ಗ್ರಾಂ ತಂಗಳು ಬ್ರೆಡ್ ಚೂರು, ಎಣ್ಣೆ ಇಲ್ಲ, ದಪ್ಪ ತಳದ ಕಡಾಯಿ, ಸಣ್ಣ ಉರಿ. ಪೂರ್ತಿ ಖಡಕ್ ಆಗಿ ಇಳಿಸುವಾಗ 66 ಗ್ರಾಂ ಇತ್ತು. ಮೂರನೇ ಒಂದು ಪಾಲು ಬರೀ ನೀರೇ ಆಗಿ ಹಾರಿಹೋಗಿತ್ತು! ಕೈಗೆ ಗಟ್ಟಿ ಅನ್ನಿಸುತ್ತಿದ್ದ ಬ್ರೆಡ್ಡಿನಲ್ಲಿ ಅಷ್ಟು ನೀರು ಅಡಗಿ ಕೂತಿತ್ತು. ಸಾಧಾರಣ ಬ್ರೆಡ್ಡಿನಲ್ಲಿ ನೂರಕ್ಕೆ 35ರಿಂದ 40 ಭಾಗ ನೀರಿರುತ್ತದೆ.

ನೀರು ಇರುವ ತನಕ ಪಿಷ್ಟದ ಎಳೆಗಳು ಒಂದರ ಮೇಲೊಂದು ಸ್ವಲ್ಪ ಜಾರಬಲ್ಲವು. ಹಾಗಾಗಿ ಒತ್ತಿದರೆ ಬಾಗುತ್ತದೆ, ಜಗಿದರೆ ಚರ್ಮದ ಹಾಗೆ ಎಳೆಯುತ್ತದೆ. ನೀರು ತೀರಾ ಕಡಿಮೆಯಾದಾಗ ಎಳೆಗಳು ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತವೆ. ವಿಜ್ಞಾನಿಗಳು ಇದಕ್ಕೆ ಗಾಜಿನ ಸ್ಥಿತಿ ಅನ್ನುತ್ತಾರೆ. ಗಾಜು ಬಾಗುವುದಿಲ್ಲ, ಒಡೆಯುತ್ತದೆ ಅಲ್ವಾ? ಹಪ್ಪಳ, ಟೋಸ್ಟು, ಖಡಕ್ ರೊಟ್ಟಿ ಎಲ್ಲವೂ ಇದೇ ಗುಂಪು.

ಖಡಕ್ ರೊಟ್ಟಿ ಮಾಡುವ ಹೆಂಗಸರ ಕೈಕೆಲಸದಲ್ಲಿ ಇದೆಲ್ಲಾ ಇದೆ. ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಜಿಗುಟು ಇಲ್ಲ. ಅದಕ್ಕೆ ಕುದಿಯುವ ಎಸರು ಸುರಿದು ಕಲಸುತ್ತಾರೆ. ಆ ಬಿಸಿಗೆ ಪಿಷ್ಟ ಅರೆಬೆಂದು ಅದೇ ಅಂಟಾಗುತ್ತದೆ. ಕೈಯಲ್ಲಿ ತಟ್ಟಿ ತಟ್ಟಿ ಕಾಗದದಷ್ಟು ತೆಳು ಮಾಡುವುದರಿಂದ ನೀರಿಗೆ ಹೊರಗೆ ಬರಲು ದಾರಿ ಹತ್ತಿರ. ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಒಣಗಲು ಬಿಡುತ್ತಾರೆ. ಅಮೈಲೋಸ್ ಅನ್ನುವ ಹೆಸರು ಅವ್ವನಿಗೆ ಗೊತ್ತಿಲ್ಲ. ತಂಗಳು ಯಾವುದು, ಖಡಕ್ ಯಾವುದು ಅನ್ನುವುದು ಅವಳ ಬೆರಳಿಗೆ ಗೊತ್ತು. ನನಗೆ ಇದು ಬಹಳ ದೊಡ್ಡ ತಿಳಿವಳಿಕೆ ಅನ್ನಿಸುತ್ತದೆ.

ಬ್ರೆಡ್ ಚೂರಿಗೆ ಇನ್ನೊಂದು ಬೇಕು, ಬಣ್ಣ. ಹೊನ್ನಿನ ಬಣ್ಣದ ಜೊತೆಗೇ ಘಮ ಬರುತ್ತದೆ. ಹಿಟ್ಟಿನ ಪ್ರೋಟೀನಿನ ತುಣುಕುಗಳೂ ಸಕ್ಕರೆಯೂ ಬಿಸಿಗೆ ಒಂದಕ್ಕೊಂದು ಸೇರಿ ನೂರಾರು ಹೊಸ ವಾಸನೆ, ರುಚಿ ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಅವರ ಹೆಸರೇ ಈ ಕ್ರಿಯೆಗೆ ನಿಂತಿದೆ. ಇದು ಜೋರಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. ಮೇಲ್ಮೈ ಹಸಿಯಾಗಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಬಂದ ಬಿಸಿಯೆಲ್ಲಾ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ಮೊದಲು ಒಣಗಬೇಕು, ಆಮೇಲೆ ಕೆಂಪಾಗಬೇಕು. ಉರಿ ಜೋರು ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಕಪ್ಪಾಗುವ ತನಕ ಹುರಿಯುವುದು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಪಿಷ್ಟದ ತಿಂಡಿ ಹೆಚ್ಚು ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಅನ್ನುವ ಬೇಡದ ವಸ್ತು ಹುಟ್ಟುತ್ತದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಬಣ್ಣ ಗಾಢವಾದಷ್ಟೂ ಅದು ಜಾಸ್ತಿ.

ಒಣಗಿಸುವ ಕೆಲಸವನ್ನು ನಮ್ಮೂರಿನಲ್ಲಿ ಬಿಸಿಲಿಗೇ ಬಿಡಬಹುದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು ಯಾರಿಗೂ ಬೇಡ, ಸಂಡಿಗೆ ಹಪ್ಪಳಕ್ಕೆ ಮಾತ್ರ ಬೇಕು. ಚೂರುಗಳನ್ನು ತಟ್ಟೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಮಾಳಿಗೆಯ ಮೇಲೆ ಇಟ್ಟರೆ ಸಂಜೆಗೆ ಕೈಯಲ್ಲಿ ಗಲಗಲ ಅನ್ನುತ್ತವೆ. ಬಣ್ಣ ಮಾತ್ರ ಬಂದಿರುವುದಿಲ್ಲ, ಅದಕ್ಕೆ ಬೆಂಕಿಯೇ ಬೇಕು.

ಬಿಸಿಲು ಇಲ್ಲದ ದಿನ ನಾನು ಮಾಡುವುದು ಹೀಗೆ. ಬೆರಳ ತುದಿಯಷ್ಟು ದಪ್ಪದ ಚೂರುಗಳು. ಸಣ್ಣ ಉರಿಯಲ್ಲಿ ಎಣ್ಣೆ ಇಲ್ಲದೆ ಹದಿನೈದು ನಿಮಿಷ, ಆಗಾಗ ಕೈಯಾಡಿಸುತ್ತಾ. ಹಗುರಾದ ಮೇಲೆ ಎರಡು ಚಮಚ ತುಪ್ಪ. ತುಪ್ಪ ಮೂಲೆ ಮೂಲೆಗೂ ಬಿಸಿ ಒಯ್ಯುತ್ತದೆ, ಎರಡು ಮೂರು ನಿಮಿಷದಲ್ಲಿ ಬಣ್ಣ ಸಮವಾಗಿ ಬರುತ್ತದೆ. ಒಲೆ ಆರಿಸಿದ ಮೇಲೆ ಒಂದು ಚಮಚ ಶೇಂಗಾ ಹಿಂಡಿ ಇಲ್ಲವೇ ಅಗಸಿ ಹಿಂಡಿ ಉದುರಿಸುತ್ತೇನೆ, ಹಿಂಡಿ ಅಂದರೆ ನಮ್ಮ ಕಡೆ ಖಾರದ ಚಟ್ನಿಪುಡಿ. ಮೊದಲೇ ಹಾಕಿದರೆ ಖಾರ ಸೀದು ಕಮಟಾಗುತ್ತದೆ. ಬಿಸಿ ಇದ್ದಾಗ ಒಂದು ಚೂರು ಕಡಿದು, ಅಯ್ಯೋ ಮೆತ್ತಗಿದೆಯಲ್ಲ ಅಂತ ಮತ್ತೆ ಒಲೆ ಹಚ್ಚಬೇಡಿ. ಆರಿದ ಮೇಲೆಯೇ ಅದು ಗಾಜಾಗುವುದು. ತುಪ್ಪದ ಪದರ ಇರುವುದರಿಂದ ಸೂಪಿನಲ್ಲೂ ಸಾರಿನಲ್ಲೂ ಸ್ವಲ್ಪ ಹೊತ್ತು ತಡೆಯುತ್ತದೆ. ಕಟ್ಟಿನ ಸಾರಿಗೆ ಹಾಕಿ ನೋಡಿ, ಸೂಪಿಗಿಂತ ರುಚಿ.

ನಮ್ಮ ಭಾಗಕ್ಕೆ ಇದು ತೀರಾ ಹೊಸದೂ ಅಲ್ಲ. 1948ರ ತನಕ ಕಲಬುರಗಿ, ಬೀದರ್ ಎಲ್ಲಾ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿನ ಡಬಲ್ ಕಾ ಮೀಠಾ ಇಲ್ಲಿನ ಮದುವೆ ಊಟದಲ್ಲೂ ಇದೆ. ಡಬಲ್ ರೋಟಿ ಅಂದರೆ ಬ್ರೆಡ್. ಅದನ್ನು ತುಪ್ಪದಲ್ಲಿ ಖಡಕ್ಕಾಗಿ ಕರಿದು ಆಮೇಲೆ ಪಾಕಕ್ಕೆ, ಹಾಲಿಗೆ ಹಾಕುತ್ತಾರೆ. ಹಸಿ ಬ್ರೆಡ್ಡನ್ನು ಹಾಕಿದ್ದರೆ ಕರಗಿ ಪಾಯಸವಾಗುತ್ತಿತ್ತು. ಕರಿದದ್ದು ಪಾಕ ಹೀರಿಯೂ ತುಂಡಾಗಿಯೇ ನಿಲ್ಲುತ್ತದೆ.

ಒಂದು ಎಚ್ಚರ. ಬೂಸ್ಟು ಹಿಡಿದ ಬ್ರೆಡ್ ತಂಗಳು ಬ್ರೆಡ್ಡಲ್ಲ. ಹಸಿರು ಚುಕ್ಕೆ ಒಂದೇ ಕಂಡರೂ ಅದರ ಎಳೆಗಳು ತೂತುಗಳ ಒಳಗೆ ದೂರ ಹೋಗಿರಬಹುದು. ಕೆಲವು ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಚುಕ್ಕೆ ಕತ್ತರಿಸಿ ಉಳಿದದ್ದನ್ನು ಬಳಸಬೇಡಿ, ಪೂರ್ತಿ ಎಸೆಯಿರಿ. ಬೇಸಿಗೆಯಲ್ಲಿ ಬ್ರೆಡ್ ಬೂಸ್ಟು ಹಿಡಿಯುವ ಮೊದಲೇ ಒಣಗಿಬಿಡುತ್ತದೆ. ಮಳೆಗಾಲದಲ್ಲಿ ಹಾಗಲ್ಲ, ದಿನಾ ಮಗುಚಿ ನೋಡಬೇಕು.

ಮಾಡಿಟ್ಟ ಚೂರಿಗೂ ಮಳೆಗಾಲವೇ ಕಷ್ಟ. ಹಸಿ ಗಾಳಿಯಿಂದ ನೀರು ಎಳೆದುಕೊಂಡು ಗಾಜು ಮತ್ತೆ ಚರ್ಮವಾಗುತ್ತದೆ. ಶ್ರಾವಣದಲ್ಲಿ ಅವ್ವ ಖಡಕ್ ರೊಟ್ಟಿಯನ್ನು ತಾಟಿಗೆ ಹಾಕುವ ಮುಂಚೆ ಹಂಚಿಗೆ ಒಮ್ಮೆ ತೋರಿಸುವುದು ಇದಕ್ಕೇ. ಚೂರುಗಳನ್ನೂ ಮೂರು ನಿಮಿಷ ಹಾಗೇ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗಿನ ಆವಿ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಅವುಗಳ ಮೇಲೇ ಇಳಿಯುತ್ತದೆ.